ಕತ್ತರಿ ಅತ್ತೆಯನ್ನು ಯಾರೂ ಕೇಳಲಿಲ್ಲ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕತ್ತರಿ ಅತ್ತೆ ಎಂದೇ. ತಮ್ಮನ ಮಗ ಮಾತು ಕಲಿಯುವಾಗ ಇಟ್ಟ ಹೆಸರು ಅದು. ಅಂಬೆಗಾಲಿಡುವ ಮಗುವಿಗೆ ಅತ್ತೆಯ ಮುಖಕ್ಕಿಂತ ಅವಳ ಕೈಯ ಕತ್ತರಿಯೇ ಹೆಚ್ಚು ಕಾಣುತ್ತಿದ್ದಿರಬೇಕು. ಆಮೇಲೆ ಬೀದಿಯವರೂ ಅದನ್ನೇ ಹಿಡಿದುಕೊಂಡರು. ಕತ್ತರಿಗಿಂತ ಅವಳ ನಾಲಿಗೆಯೇ ಹರಿತ ಎಂದು ಆಡಿಕೊಳ್ಳುವವರೂ ಇದ್ದರು. ಆಡಿಕೊಳ್ಳಲಿ ಬಿಡಿ. ಅವರೆಲ್ಲ ಹೊಲಿಸಿದ ಬಟ್ಟೆ ಬಿಗಿಯಾಯಿತೆಂದು ಜಗಳಕ್ಕೆ ಬಂದು ಉಗಿಸಿಕೊಂಡು ಹೋದವರೇ. "ಅಳತೆ ಕೊಡುವಾಗ ಹೊಟ್ಟೆ ಒಳಗೆಳ್ಕೊಂಡು ನಿಂತಿದ್ರಿ. ಈಗ ಹೊಟ್ಟೆ ಹೊರಗೆ ಬಂದಿದೆ. ಬಟ್ಟೆ ಏನು ಮಾಡುತ್ತೆ, ಪಾಪ?" ಎಂದು ಮುಖಕ್ಕೇ ಹೇಳುತ್ತಿದ್ದಳು. ಹೇಳಿ, ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಯೂ ಕೊಡುತ್ತಿದ್ದಳು.

ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಇವಳ ಸೊಂಟದ ಮೇಲಿದ್ದ. ಇವಳು ಶಾಲೆ ಬಿಟ್ಟು ತಾಯಿಯ ಹೊಲಿಗೆ ಮಿಷನ್ನಿನ ಮುಂದೆ ಕೂತಳು. ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲವೆಂದು ಸ್ಟೂಲಿನ ಅಂಚಿಗೆ ಜಾರಿಕೊಂಡು ತುಳಿಯುತ್ತಿದ್ದಳು. ಅರವತ್ತು ದಾಟಿದ ಮೇಲೂ ಅದೇ ಅಭ್ಯಾಸ, ಯಾವ ಕುರ್ಚಿ ಕೊಟ್ಟರೂ ಅಂಚಿನಲ್ಲೇ ಕೂರುವುದು. ಶಾಲೆಯ ಯೂನಿಫಾರ್ಮು, ದಿಂಬಿನ ಚೀಲ, ಕಿಟಕಿಯ ಪರದೆ, ಕೆಟ್ಟ ಜಿಪ್ಪು, ಉದ್ದವಾದ ಪ್ಯಾಂಟು, ಬಂದದ್ದನ್ನೆಲ್ಲ ಹೊಲಿದಳು. ತಮ್ಮ ಓದಿದ, ನೀರು ಸರಬರಾಜಿನ ಕಚೇರಿಯಲ್ಲಿ ಗುಮಾಸ್ತನಾದ, ಮದುವೆಯಾದ, ಮನೆ ಕಟ್ಟಿಸಿದ. ಅವಳ ಮದುವೆ? ಆ ಮಾತು ಬಂದಾಗಲೆಲ್ಲ ಬೇರೆ ಯಾರದೋ ಮದುವೆಯ ಬಟ್ಟೆ ಮಿಷನ್ನಿನ ಮೇಲಿರುತ್ತಿತ್ತು. ಇದೊಂದು ಮುಗೀಲಿ ತಾಳಿ ಅನ್ನುತ್ತಿದ್ದಳು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಕೊನೆಗೆ ಆ ಮಾತು ಎತ್ತುವವರೇ ಇಲ್ಲವಾದರು.

ತಮ್ಮನ ಹೊಸ ಮನೆಯಲ್ಲಿ ಅವಳ ಮಿಷನ್ನು ಮುಂದಿನ ಕೋಣೆಯ ಕಿಟಕಿಯ ಪಕ್ಕ ಕೂತಿತು. ಆ ಕಿಟಕಿಯ ಆಚೆ, ಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ, ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಅಗಲದ ಜಾಗ ಉಳಿದಿತ್ತು. ಮನೆ ಕಟ್ಟಿದವರು ಒಡೆದ ಇಟ್ಟಿಗೆ, ಕಲ್ಲಾದ ಸಿಮೆಂಟು, ಬಾಗಿದ ಮೊಳೆ ಎಲ್ಲ ಅಲ್ಲೇ ಸುರಿದು ಹೋಗಿದ್ದರು. ಯಾರಿಗೂ ಬೇಡದ ಜಾಗ ಅದು. ಕತ್ತರಿ ಅತ್ತೆ ಹೊಲಿಗೆ ಇಲ್ಲದ ಹೊತ್ತಿನಲ್ಲಿ ಒಂದೊಂದೇ ಇಟ್ಟಿಗೆ ಹೆಕ್ಕಿದಳು, ಮಣ್ಣನ್ನು ಹಳೆ ಜರಡಿಯಲ್ಲಿ ಸೋಸಿದಳು, ತರಕಾರಿ ಸಿಪ್ಪೆ ಹೂತಳು. ಗುಲಾಬಿಯ ಕಡ್ಡಿ ನೆಟ್ಟಳು. ಸೇವಂತಿಗೆ ಬಂತು, ಚೆಂಡುಹೂ ತಾನಾಗಿಯೇ ಹುಟ್ಟಿತು, ಮಲ್ಲಿಗೆ ಗೋಡೆ ಹಿಡಿದು ಕಿಟಕಿಯ ಸರಳಿಗೆ ಸುತ್ತಿಕೊಂಡಿತು. ನಲ್ಲಿಯ ಕೆಳಗೆ ಪುದೀನ, ಮೂಲೆಯಲ್ಲಿ ನಿಂಬೆಹುಲ್ಲು, ನಡುವೆ ಎಲ್ಲಿ ಬೇಕೋ ಅಲ್ಲಿ ಕಾಮಕಸ್ತೂರಿ. ಮಳೆ ಬಂದರೆ ಆ ವಾಸನೆ ಇಡೀ ಬೀದಿಗೆ ಬರುತ್ತಿತ್ತು.

ಬೆಳಿಗ್ಗೆ ಎದ್ದವಳೇ ಅಲ್ಲಿಗೆ ಹೋಗುವಳು. ಕೈಯಲ್ಲಿ ಕತ್ತರಿ, ಬಟ್ಟೆಯ ಕತ್ತರಿಯಲ್ಲ, ಅದರಲ್ಲಿ ಕಾಗದ ಕತ್ತರಿಸಿದವರ ಕೈಯನ್ನೇ ಮುರಿಯುತ್ತೇನೆ ಅನ್ನುತ್ತಿದ್ದವಳು ಅವಳು. ಹೂವಿಗೆಂದೇ ಒಂದು ಮೊಂಡ ಕತ್ತರಿ ಇತ್ತು. ಯಾವುದು ಅರಳಿದೆ, ಯಾವುದು ನಾಳೆಗೆ, ಯಾವ ಎಲೆಯನ್ನು ಹುಳ ತಿಂದಿದೆ ಎಂದು ಗೊಣಗುತ್ತ ನೋಡಿ, ಬೇಕಾದಷ್ಟನ್ನೇ ಕೊಯ್ಯುವಳು. ಎರಡೂ ಕೈ ಒದ್ದೆ, ಕೈತುಂಬ ಹೂವು ಸೊಪ್ಪು, ಬಾಗಿಲನ್ನು ಮೊಣಕೈಯಲ್ಲಿ ತಳ್ಳಿಕೊಂಡು ಒಳಗೆ ಬರುವಳು. ಕೆಳಗಿನ ಎಲೆ ಕಿತ್ತು, ಹಿಡಿ ಮುರಿದ ಗಾಜಿನ ಜಗ್ಗಿನಲ್ಲಿ ನೀರು ಹಾಕಿ, ಹೂವನ್ನು ಮಿಷನ್ನಿನ ಹಲಗೆಯ ಮೇಲಿಡುವಳು. ಪೆಡಲು ತುಳಿದಾಗ ಹೂವೂ ನಡುಗುತ್ತಿತ್ತು, ಒಂದೆರಡು ಎಸಳು ಯಾರದೋ ಯೂನಿಫಾರ್ಮಿನ ಜೇಬಿನೊಳಗೆ ಬಿದ್ದು ಹಾಗೇ ಹೊಲಿಗೆಯಾಗಿ ಹೋದದ್ದೂ ಉಂಟು. ಪುದೀನದ ನಾಲ್ಕು ಕಡ್ಡಿ ಅಡಿಗೆಮನೆಯ ಕಿಟಕಿಗೆ, ನಿಂಬೆಹುಲ್ಲಿನ ಒಂದು ಗಂಟು ಬಚ್ಚಲಿಗೆ, ಕಾಮಕಸ್ತೂರಿ ಅವಳ ದಿಂಬಿನ ಪಕ್ಕಕ್ಕೆ.

ಇದರಿಂದ ಏನುಪಯೋಗ ಎಂದು ಕೇಳಬೇಡಿ. ಕೇಳಿದವರಿಗೆ ಅವಳು ಉತ್ತರ ಕೊಡುತ್ತಿರಲಿಲ್ಲ, ದಾರ ಹಲ್ಲಿನಲ್ಲಿ ಕಚ್ಚಿಕೊಂಡು ಸುಮ್ಮನೆ ನೋಡುತ್ತಿದ್ದಳು. ಒಂದು ಜೀವಮಾನ ಆ ಕೋಣೆಯಲ್ಲಿ ಕೂತು ಹೊಲಿದದ್ದೆಲ್ಲ ಮಡಿಸಿಕೊಂಡು ಬಾಗಿಲಿನಿಂದ ಹೊರಗೇ ಹೋಗಿತ್ತು. ಯಾರ ಮೈಮೇಲೋ, ಯಾರ ಕಿಟಕಿಗೋ, ಯಾರ ಹಾಸಿಗೆಗೋ. ಅವಳ ಕೈಯಿಂದ ಒಳಗೆ ಬರುತ್ತಿದ್ದದ್ದು ಇದೊಂದೇ. ಹೂವು ಒಳಗೆ ತಂದಿಟ್ಟ ಆ ಗಳಿಗೆಯಲ್ಲಿ ಅವಳ ಮುಖ ನೋಡಬೇಕಿತ್ತು. ನೋಡಿದವರು ಯಾರು? ಎಲ್ಲರಿಗೂ ಬೆಳಿಗ್ಗೆ ಅವರವರ ಅವಸರ.

ನೋಡದಿದ್ದರೂ ಕೇಳಿಸುತ್ತಿತ್ತು. ಬಗ್ಗುವಾಗ ಒಮ್ಮೆ, ಏಳುವಾಗ ಒಮ್ಮೆ "ಅಯ್ಯಯ್ಯೋ ನನ್ನ ಮೊಣಕಾಲೇ, ಎಲ್ಲಿ ಹಾಳಾಗಿ ಹೋದ್ಯೋ" ಎಂದು ಅವಳು ಇಡೀ ಮನೆಗೆ ಕೇಳುವಂತೆ ನರಳುತ್ತಿದ್ದಳು. ನೋವೂ ಇತ್ತು ಅನ್ನಿ, ವಯಸ್ಸಾದವರಿಗೆ ಇರುವಷ್ಟು. ಆದರೆ ಆ ನರಳಾಟ ನೋವಿನದ್ದಲ್ಲ. ಕೆಲವರು ಕೆಲಸ ಮಾಡುವಾಗ ಹಾಡು ಗುನುಗುತ್ತಾರೆ, ಇವಳು ಮೊಣಕಾಲನ್ನು ಬೈಯುತ್ತಿದ್ದಳು. ಇದು ಮನೆಯವರಿಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಎಲ್ಲ ಅನಾಹುತಕ್ಕೂ ಮೂಲ ಅದೇ.

ತಮ್ಮನ ಹೆಂಡತಿ ಪ್ರಾಥಮಿಕ ಶಾಲೆಯ ಮೇಡಂ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಅವಳನ್ನು ಬೈದು ಕೈ ತೊಳೆದುಕೊಳ್ಳಬಹುದಿತ್ತು. ಆಕೆ ಒಳ್ಳೆಯವಳು, ಬಹಳ ಒಳ್ಳೆಯವಳು, ಮೂವತ್ತು ಮಕ್ಕಳಿಗೆ ಏನು ಬೇಕು ಏನು ಬೇಡ ಎಂದು ತಾನೇ ತೀರ್ಮಾನ ಮಾಡಿ ಮಾಡಿ ಅಭ್ಯಾಸವಾದವಳು. ದಿನಾ ಬೆಳಿಗ್ಗೆ ಚಹಾ ಸೋಸುತ್ತ ಆ ನರಳಾಟ ಕೇಳುವಳು, "ಪಾಪ, ಅತ್ತಿಗೆಗೆ ಎಷ್ಟು ಕಷ್ಟ" ಎಂದು ಗಂಡನಿಗೆ ಹೇಳುವಳು. ಅತ್ತ ಮಗ ಹೊಸ ಸ್ಕೂಟರು ತಂದಿದ್ದ, ಅದು ಬೀದಿಯಲ್ಲಿ ಬಿಸಿಲಿಗೆ ನಿಂತು ಸೀಟು ಬಿರಿಯುತ್ತಿತ್ತು. ಎರಡೂ ಒಂದೇ ತಲೆಯಲ್ಲಿ ಕೂಡಿಕೊಂಡವು. ಒಳ್ಳೆಯದು ಮಾಡಬೇಕೆಂದು ಹೊರಟವರನ್ನು ತಡೆಯುವವರು ಯಾರು?

ಚಿಕ್ಕಮ್ಮನ ಮಗಳ ಮನೆಯಲ್ಲಿ ಮದುವೆ ಬಟ್ಟೆ ಹೊಲಿಯಲಿಕ್ಕಿತ್ತು. ಕತ್ತರಿ ಅತ್ತೆ ವಾರದ ಮಟ್ಟಿಗೆ ಹೋದಳು. ಹೋಗುವಾಗ ಸೋದರಳಿಯನನ್ನು ಕರೆದು, "ಸಂಜೆ ಒಂದೊಂದು ಬಕೆಟ್ ನೀರು ಹಾಕೋ, ಪುದೀನಕ್ಕೆ ಇನ್ನೊಂದು ಚೊಂಬು ಜಾಸ್ತಿ" ಎಂದು ಹೇಳಿದ್ದಳು. ಅವನು "ಆಯ್ತು ಅತ್ತೆ, ನೀನೇನೂ ಯೋಚನೆ ಮಾಡ್ಬೇಡ" ಎಂದಿದ್ದ, ಅಮ್ಮನ ಕಡೆ ನೋಡಿ ಸಣ್ಣಗೆ ನಕ್ಕೂ ಇದ್ದ.

ವಾಪಸು ಬಂದ ದಿನ ಮೂವರೂ ಗೇಟಿನ ಹತ್ತಿರವೇ ನಿಂತಿದ್ದರು. ಚೀಲ ಕೆಳಗಿಡುವ ಮೊದಲೇ ಅಳಿಯ ಹಿಂದಿನಿಂದ ಬಂದು ಅವಳ ಕಣ್ಣು ಮುಚ್ಚಿದ. "ಏ, ಬಿಡೋ ಮಂಗ" ಎಂದು ಅವಳೂ ನಗುತ್ತಲೇ ಮುಗ್ಗರಿಸಿಕೊಂಡು ನಡೆದಳು. ಕಾಲಿನ ಕೆಳಗೆ ನುಣುಪಾಗಿ ಏನೋ ಸಿಕ್ಕಿತು. ವಾಸನೆ ಬೇರೆ, ಹಸಿ ಸಿಮೆಂಟಿನ ವಾಸನೆ. ಅವನು ಕೈ ತೆಗೆದ.

ಗೋಡೆಯಿಂದ ಕಾಂಪೌಂಡಿನವರೆಗೆ ಬೂದು ಬಣ್ಣದ ಟೈಲ್ಸು. ಒಂದು ಎಸಳಿಲ್ಲ, ಒಂದು ಎಲೆಯಿಲ್ಲ. ಗೋಡೆಗೆ ಅಂಟಿದ್ದ ಮಲ್ಲಿಗೆ ಬಳ್ಳಿಯ ಗುರುತಿಗೂ ಬಣ್ಣ ಬಳಿದಿದ್ದರು. ನಡುವೆ ಸ್ಕೂಟರು, ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ.

"ಇನ್ಮೇಲೆ ನೀವು ಬಗ್ಗೋ ಹಾಗೇ ಇಲ್ಲ ಅತ್ತಿಗೆ," ಎಂದಳು ನಾದಿನಿ, ಸಂತೋಷಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು. "ಆರಾಮಾಗಿ ಕುರ್ಚಿ ಮೇಲೆ ಕೂತ್ಕೊಂಡು ಗಾಳಿ ತಗೊಳ್ಳಿ. ಜಾರಲ್ಲ, ಜಾರದೇ ಇರೋ ಟೈಲ್ಸೇ ಹುಡುಕಿ ಹಾಕ್ಸಿದೀವಿ."

"ಗಿಡ?" ಎಂದಳು ಅತ್ತೆ.

"ಮೇಸ್ತ್ರಿ ಎಲ್ಲಾ ಬೇರು ಸಮೇತ ತೆಗೆದ, ಕಸದ ಗಾಡಿಗೆ ಹೋಯ್ತು. ಒಂದು ಬೇರು ಉಳಿದ್ರೂ ಟೈಲ್ಸ್ ಮೇಲೆದ್ದು ಬಿಡುತ್ತಂತೆ," ಎಂದು ಅಳಿಯ ವಿವರಿಸಿದ. ಮೇಸ್ತ್ರಿಯ ಕೆಲಸ ಅಚ್ಚುಕಟ್ಟು ಎಂದು ಹೊಗಳಿದ ಕೂಡ.

ಅವಳು ಒಳಗೆ ಹೋದಳು. ಮಿಷನ್ನಿನ ಮೇಲೆ ಅವಳ ಜಗ್ಗು. ಜಗ್ಗಿನ ತುಂಬ ಪ್ಲಾಸ್ಟಿಕ್ ಗುಲಾಬಿ, ಒಂದೊಂದು ಎಸಳಿನ ಮೇಲೂ ಅಂಟಿಸಿದ ಪ್ಲಾಸ್ಟಿಕ್ ಇಬ್ಬನಿ. ಸಾಲದ್ದಕ್ಕೆ ಸೆಂಟು ಬೇರೆ ಹೊಡೆದಿದ್ದರು. ಅವಳಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನೋವು ಮೊಣಕಾಲಿಗೆ, ಕಿತ್ತು ಬಿಸಾಡಿದ್ದು ಗುಲಾಬಿಯನ್ನು!

ಕೂಗಾಡಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ಎದುರಿಗೆ ಮೂರು ಮುಖಗಳು, ಮೂರೂ ಹೊಗಳಿಕೆಗೆ ಕಾಯುತ್ತಿದ್ದವು. ಬಾಯಿಗೆ ಬಂದದ್ದನ್ನೆಲ್ಲ ನುಂಗಿ ಅವಳು ಮುಖ ತೊಳೆಯಲು ಹೋದಳು. ಬಚ್ಚಲಿನಲ್ಲಿ ನಿಂಬೆಹುಲ್ಲಿನ ಗಂಟಿದ್ದ ಮೊಳೆಗೆ ಅಳಿಯನ ಟವೆಲ್ ನೇತುಹಾಕಿತ್ತು.

ಮರುದಿನದಿಂದ ಶುರುವಾಯಿತು ನೋಡಿ ಇನ್ನೊಂದು ಹಿಂಸೆ. ಟೈಲ್ಸು ನೋಡಲು ಜನ ಬರತೊಡಗಿದರು. ನೋಡಿದವರು ಅವಳನ್ನು ಅಭಿನಂದಿಸತೊಡಗಿದರು. "ಎಷ್ಟು ಪುಣ್ಯ ಮಾಡಿದ್ರಿ, ಇಂಥ ನಾದಿನಿ ಯಾರಿಗೆ ಸಿಗ್ತಾಳೆ? ನಮ್ಮನೇಲಿ ಕಾಲು ಮುರಿದ್ರೂ ಕೇಳೋರಿಲ್ಲ," ಎಂದಳು ಎದುರುಮನೆಯಾಕೆ, ಜೋಲುವ ತೋಳಿನ ಅಂಗಿಯೊಂದನ್ನು ಬಿಗಿ ಮಾಡಿಸಲು ತಂದವಳು.

"ಪುಣ್ಯ ನಿಮಗೂ ಬರ್ಲಿ," ಎಂದಳು ಕತ್ತರಿ ಅತ್ತೆ. "ನೀವು ಮಲಗಿದ್ದಾಗ ನಿಮ್ಮನೇ ಅಡಿಗೆಮನೆ ಕೆಡವಿ ಅಲ್ಲೊಂದು ಮಂಚ ಹಾಕ್ಸಿ ಬಿಡ್ತೀನಿ. ರೆಸ್ಟ್ ತಗೊಳ್ಳಿ."

ಎದುರುಮನೆಯಾಕೆ ಅಂಗಿ ಅಲ್ಲೇ ಬಿಟ್ಟು ಮೂಗು ಮುರಿದುಕೊಂಡು ಹೋದಳು. ಮಾತು ಗಾಳಿಗಿಂತ ಮುಂಚೆ ನಾದಿನಿಯ ಕಿವಿ ಮುಟ್ಟಿತು. ಅಲ್ಲಿಂದ ನಾದಿನಿಯ ಮುಖ ಊದಿಕೊಂಡಿತು. ಊಟಕ್ಕೆ ಬಡಿಸುವಳು, ಮಾತಿಲ್ಲ. ಅತ್ತೆ ತಟ್ಟೆ ತೊಳೆಯುವಳು, ಮಾತಿಲ್ಲ. ಮಿಷನ್ನಿನ ಸದ್ದು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಎರಡರಷ್ಟು ಜೋರಾಗಿ ಕೇಳುತ್ತಿತ್ತು. ಪ್ಲಾಸ್ಟಿಕ್ ಹೂವನ್ನು ಅತ್ತೆ ತೆಗೆದು ಮೇಜಿನ ಕೆಳಗಿಟ್ಟರೆ, ಕಸ ಗುಡಿಸಿದ ಮೇಲೆ ಅದು ಮತ್ತೆ ಜಗ್ಗಿನೊಳಗೆ ಬಂದು ಕೂರುತ್ತಿತ್ತು. ಯಾರಿಟ್ಟರೆಂದು ಯಾರೂ ಹೇಳುತ್ತಿರಲಿಲ್ಲ.

ಅಳಿಯ ಸಂಧಾನಕ್ಕೆ ಬಂದ. "ಅತ್ತೆ, ಪುದೀನ ಮಾರ್ಕೆಟ್‌ನಲ್ಲಿ ಕಟ್ಟುಗಟ್ಟಲೆ ಸಿಗುತ್ತೆ. ದಿನಾ ತಂದ್ಕೊಡ್ತೀನಿ."

"ಚಹಾಕ್ಕೆ ಅಂತ ಬೆಳೆದಿದ್ನಾ ನಾನು?"

"ಸರಿ, ಹೂವಿಗೆ ಮಹಡಿ ಮೇಲೆ ಎರಡು ಕುಂಡ ಇಡೋಣ. ನೀರಿನ ಟ್ಯಾಂಕ್ ಪಕ್ಕ ಜಾಗ ಇದೆಯಲ್ಲ."

ಆ ಮಹಡಿಗೆ ಮೆಟ್ಟಿಲಿಲ್ಲ, ಗೋಡೆಗೆ ನಿಲ್ಲಿಸಿದ ಕಬ್ಬಿಣದ ಏಣಿ. ಅತ್ತೆ ಹೊಲಿಗೆ ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬಗ್ಗೋಕಾಗಲ್ಲ ಅಂತ ನೆಲ ಮುಚ್ಚಿದ್ರಿ. ಈಗ ಏಣಿ ಹತ್ತು ಅಂತೀಯ. ನಿಮ್ಮಪ್ಪನ ಆಫೀಸಿನಲ್ಲೂ ಇಷ್ಟು ಬುದ್ಧಿವಂತರಿಲ್ಲ ಬಿಡು." ಅವನು ತಲೆ ಕೆರೆದುಕೊಂಡು ಹೋದ.

ರಜೆಯ ದಿನ, ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದರು. ತಮ್ಮ ಎರಡು ತುತ್ತು ತಿಂದು ಕೈ ನಿಲ್ಲಿಸಿದ. ಅವನು ಮಾತು ಕಡಿಮೆಯ ಮನುಷ್ಯ. ಮನೆಯಲ್ಲಿ ಅಕ್ಕನೋ ಹೆಂಡತಿಯೋ ಮಾತಾಡುತ್ತಲೇ ಇದ್ದದ್ದರಿಂದ ಅವನಿಗೆ ಸರದಿ ಬಂದದ್ದೇ ಅಪರೂಪ.

"ಅಕ್ಕ, ಒಂದು ಮಾತು. ಅವಳು ರಾತ್ರಿಯೆಲ್ಲ ಅಳ್ತಾಳೆ. ಎಷ್ಟು ಆಸೆಯಿಂದ ಮಾಡ್ಸಿದ್ದು. ಚೆನ್ನಾಗಿದೆ ಅಂತ ಒಂದೇ ಒಂದು ಮಾತು ಹೇಳಿಬಿಡು. ನಿನ್ನ ಗಂಟೇನು ಹೋಗುತ್ತೆ?"

ಕತ್ತರಿ ಅತ್ತೆಗೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಕಿತ್ತದ್ದನ್ನು ಹೇಗೋ ತಡೆದುಕೊಂಡಿದ್ದಳು. ಕಿತ್ತದ್ದಕ್ಕೆ ಥ್ಯಾಂಕ್ಸ್ ಹೇಳಬೇಕೆ? ಕೂಸಾಗಿದ್ದಾಗಿನಿಂದ ಎತ್ತಿ ಆಡಿಸಿದ ತಮ್ಮ, ಅಕ್ಕನಿಗೆ ಏನು ಇಷ್ಟ ಏನಿಲ್ಲ ಎಂದು ಗೊತ್ತಿರಬೇಕಾದ ಒಬ್ಬನೇ ಒಬ್ಬ ಮನುಷ್ಯ, ಅವನೇ ಹೇಳುತ್ತಿದ್ದಾನೆ. ಹೂವು ಹೋದದ್ದು ಒಂದು ಪಾಲಾದರೆ ಈ ಮಾತಿನ ಉರಿ ಹತ್ತು ಪಾಲಾಯಿತು. ಇವತ್ತು ಚೆನ್ನಾಗಿದೆ ಎಂದರೆ ಮುಗಿಯಿತು, ನಾಳೆ ಮಿಷನ್ನಿನ ಜಾಗಕ್ಕೂ ಒಂದು ಸೋಫಾ ಬರುತ್ತದೆ, ಪಾಪ ಅತ್ತಿಗೆಗೆ ಕಣ್ಣು ನೋವು ಎಂದು. ಆಮೇಲೆ ಆ ಮನೆಯಲ್ಲಿ ಅವಳದು ಅನ್ನುವುದು ಏನುಳಿಯುತ್ತದೆ?

ಎದ್ದು ಕೈ ತೊಳೆದಳು. ಅಡಿಗೆಮನೆಯ ಹಲಗೆಯ ಕೆಳಗೆ ತಮ್ಮನ ಸಾಮಾನಿನ ಡಬ್ಬವಿತ್ತು. ಅದರಿಂದ ಸುತ್ತಿಗೆ ಮತ್ತು ಉಳಿ ತೆಗೆದುಕೊಂಡು ಹೊರಗೆ ನಡೆದಳು. ಒಳಗೆ ಕೂತವರಿಗೆ ಮೊದಲು ಕೇಳಿಸಿದ್ದು ಟೈಲ್ಸು ಒಡೆದ ಸದ್ದು.

ಮೂವರೂ ಎಂಜಲು ಕೈಯಲ್ಲೇ ಓಡಿ ಬಂದರು. "ಅತ್ತೆ, ಸ್ಕೂಟರು! ಚೂರು ಹಾರುತ್ತೆ!" ಎಂದು ಅಳಿಯ ಕೂಗಿದ. ಎದುರುಮನೆಯ ಕಿಟಕಿ ತೆರೆಯಿತು. ನಾದಿನಿ ಅದನ್ನು ನೋಡಿ ದನಿ ತಗ್ಗಿಸಿ, "ಜನ ನೋಡ್ತಿದಾರೆ ಅತ್ತಿಗೆ, ದಮ್ಮಯ್ಯ ಒಳಗೆ ಬನ್ನಿ. ಏನಾಗಿದೆ ನಿಮಗೆ?" ಎಂದಳು.

"ಜನ ನೋಡ್ಲಿ. ಟೈಲ್ಸ್ ನೋಡೋಕೆ ಬಂದ್ರಲ್ಲ, ಇದನ್ನೂ ನೋಡ್ಲಿ." ಅವಳು ಇನ್ನೊಂದು ಪೆಟ್ಟು ಹಾಕಿದಳು. "ನಾನು ಹೊಲಿಗೆಯೋಳು. ತಪ್ಪಾದ ಹೊಲಿಗೆ ಎಷ್ಟೇ ಚೆಂದ ಇರ್ಲಿ, ಬಿಚ್ಚಲೇಬೇಕು. ಅಯ್ಯೋ ಕಷ್ಟಪಟ್ಟು ಹೊಲಿದ್ರಲ್ಲ ಅಂತ ಯಾರಾದ್ರೂ ಕೈ ಆಡದಿರೋ ಅಂಗಿ ಹಾಕ್ಕೊಂಡು ಓಡಾಡ್ತಾರಾ?"

"ಅಕ್ಕ, ಪ್ರೀತಿಯಿಂದ ಮಾಡಿದ್ದು," ಎಂದ ತಮ್ಮ. "ನಿನ್ನ ಒಳ್ಳೇದಕ್ಕೇ ಅಲ್ವಾ?"

ಅಷ್ಟಕ್ಕೆ ಅವಳು ಸುತ್ತಿಗೆ ಕೆಳಗಿಟ್ಟಳು. ಮುಖದ ಮೇಲೆ ಬೂದು ಪುಡಿ, ಅದರ ಮೇಲೆ ಬೆವರು ಇಳಿದ ಗೆರೆ. ದನಿ ಏರಲಿಲ್ಲ.

"ಒಂದು ಮಾತು ಕೇಳಿದ್ಯೇನೋ? ಒಂದೇ ಒಂದು ಮಾತು, ಅಕ್ಕ, ನಿಂಗೆ ಇದು ಬೇಕಾ ಅಂತ? ನಾನು ಊರಲ್ಲಿಲ್ಲದಾಗ ಬೇರು ಸಮೇತ ಕಿತ್ತು ಹಾಕಿ, ಕಣ್ಣು ಮುಚ್ಚಿ ಕರ್ಕೊಂಡು ಬಂದು ನಿಲ್ಲಿಸಿದ್ರಲ್ಲ. ಕೇಳದೇ ಸ್ನಾನ ಮಾಡ್ಸೋದು, ಕೇಳದೇ ಬಟ್ಟೆ ಹಾಕೋದು, ಕೇಳದೇ ತಲೆದೆಸೆಯಲ್ಲಿ ಹೂವಿಡೋದು, ಇದೆಲ್ಲ ಹೆಣಕ್ಕೆ ಮಾಡ್ತಾರೆ ಕಣೋ. ಅದಕ್ಕೂ ಪ್ರೀತಿಯಿಂದಲೇ ಮಾಡ್ತಾರೆ. ನಾನಿನ್ನೂ ಸತ್ತಿಲ್ಲ."

ಎದುರುಮನೆಯ ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು. ತಮ್ಮ ತನ್ನ ಎಂಜಲು ಕೈಯನ್ನೇ ನೋಡುತ್ತ ನಿಂತ. ಒಡೆದ ಟೈಲ್ಸಿನ ಕೆಳಗೆ ಮಣ್ಣು ಕೂಡ ಕಾಣುತ್ತಿರಲಿಲ್ಲ, ಗಟ್ಟಿ ಸಿಮೆಂಟಿನ ಹಾಸು. ಅದನ್ನೂ ಒಡೆದು ಮಣ್ಣು ಮುಟ್ಟಲು ಎಷ್ಟು ದಿನವಾದೀತೆಂದು ಕತ್ತರಿ ಅತ್ತೆಗೂ ಗೊತ್ತಿರಲಿಲ್ಲ. ಅವಳು ಮತ್ತೆ ಉಳಿ ಇಟ್ಟು ಹೊಡೆಯತೊಡಗಿದಳು.

ಬಹಳ ಹೊತ್ತಿನ ಮೇಲೆ ನಾದಿನಿ ಸೆರಗಿನಿಂದ ಮೂಗು ಒರೆಸಿಕೊಂಡು ಹತ್ತಿರ ಬಂದಳು. ಅವಳ ಮುಖದಲ್ಲಿ ಇನ್ನೂ ಸಿಟ್ಟಿತ್ತು; ಇಷ್ಟೆಲ್ಲ ಮಾಡಿಯೂ ಮಾತು ಕೇಳಬೇಕಾಯಿತಲ್ಲ ಎಂಬ ಸಿಟ್ಟು ಒಂದು ಮಧ್ಯಾಹ್ನಕ್ಕೆ ಹೋಗುವಂಥದ್ದಲ್ಲ.

"ಅತ್ತಿಗೆ," ಎಂದಳು. "ಎಷ್ಟು ತೆಗೀಬೇಕು? ಗೋಡೆ ಪಕ್ಕದ್ದು ಒಂದು ಸಾಲು ಸಾಕಾ?"

ಕತ್ತರಿ ಅತ್ತೆ ತಲೆ ಎತ್ತಿ ನೋಡಿದಳು. ಇಷ್ಟು ವರ್ಷದಲ್ಲಿ ತನಗೇನು ಬೇಕೆಂದು ಆ ಬಾಯಿಂದ ಬಂದ ಮೊದಲನೆಯ ಪ್ರಶ್ನೆ ಅದು. ಅದಕ್ಕೆಂದು ಅವಳು ಒಂದು ಸಾಲನ್ನೂ ಬಿಟ್ಟುಕೊಡಲಿಲ್ಲ.

"ಅಷ್ಟೂ ತೆಗೀಬೇಕು," ಎಂದಳು.

ನಾದಿನಿ ಮಗನ ಕಡೆ ನೋಡಿದಳು. ಆಮೇಲೆ ತಾನೇ ಸ್ಕೂಟರಿನ ಸ್ಟ್ಯಾಂಡು ತೆಗೆದು, ಅದನ್ನು ಬೀದಿಗೆ ತಳ್ಳಿಕೊಂಡು ಹೋದಳು.